ಐದು ಕಾಳಿನ ಮೊರ

ಸಮೀಕ್ಷೆಯ ಹನ್ನೊಂದನೆಯ ದಿನಕ್ಕೆ ಶೈಲಜಾಳ ಕಾಲು ಬಿದ್ದುಹೋಗಿದ್ದವು. ಕುಕನೂರಿನ ಆಶಾ ಕಾರ್ಯಕರ್ತೆಯಾಗಿ ಅವಳು ಮಾಡದ ಸಮೀಕ್ಷೆ ಇರಲಿಲ್ಲ. ಲಸಿಕೆಯದಾಯಿತು, ಸೊಳ್ಳೆಯದಾಯಿತು, ಸಕ್ಕರೆ ಕಾಯಿಲೆಯದಾಯಿತು, ಈಗ ಇಲಿಯ ಪಾಳಿ. ಊರ ಹೊರಗಿನ ಕಾಳಿನ ಗೋದಾಮಿನ ಇಬ್ಬರು ಹಮಾಲರು ಒಂದೇ ವಾರದಲ್ಲಿ ಜ್ವರ ಬಂದು, ಉಸಿರು ಸಿಗದೆ ಸತ್ತಿದ್ದರು. ಪುಣೆಗೆ ಹೋದ ರಕ್ತದ ವರದಿ ಹಂಟಾವೈರಸ್ ಎಂದಿತು. ಇಲಿಯ ಉಚ್ಚೆ, ಹಿಕ್ಕೆ ಒಣಗಿ ಧೂಳಾಗಿ ಮೂಗು ಸೇರಿದರೆ ಒಂದೆರಡು ವಾರಗಳಲ್ಲಿ ಎದೆಯೊಳಗೆ ನೀರು ತುಂಬುತ್ತದಂತೆ. ಗೋದಾಮಿಗೆ ಬೀಗ ಬಿತ್ತು, ಬೀಗಕ್ಕೆ ಅರಗಿನ ಮುದ್ರೆ ಬಿತ್ತು, ಉಳಿದ ಕೆಲಸವೆಲ್ಲ ಎಂದಿನಂತೆ ಶೈಲಜಾಳ ತಲೆಯ ಮೇಲೆ ಬಿತ್ತು.

ಮನೆಗೆ ಮೂರು ಪ್ರಶ್ನೆ. ಜ್ವರ, ಏದುಸಿರು ಇದೆಯೇ? ಗೋದಾಮಿಗೆ ಹೋಗಿದ್ದಿರಾ? ಒಣ ಕಸ ಗುಡಿಸಿದ್ದೀರಾ? ಮೂರಕ್ಕೂ ಓಣಿಯ ಉತ್ತರ ಒಂದೇ, ಇಲ್ಲ. ಹೌದೆಂದರೆ ಕೊಪ್ಪಳದ ಆಸ್ಪತ್ರೆ ಗಾಡಿ ಬಂದು ಒಯ್ಯುತ್ತದೆ, ಕೂಲಿ ತಪ್ಪುತ್ತದೆ, ಬೀಗರು ಬಾಗಿಲಿಗೆ ಬರುವುದಿಲ್ಲ. ಒಂಬತ್ತನೆಯ ದಿನದಿಂದ ಶೈಲಜಾ ಒಳಗೆ ಹೋಗುವುದನ್ನೇ ಬಿಟ್ಟಳು. ಬೀದಿಯಲ್ಲೇ ನಿಂತು “ಎಲ್ಲಾರೂ ಛಲೋ ಅದೀರಿಲ್ಲ?” ಎನ್ನುವುದು, ಒಳಗಿನಿಂದ ಹೂಂ ಎಂದು ಕೇಳಿದರೆ ಮೂರಕ್ಕೂ “ಇಲ್ಲ” ಎಂದು ಗುರುತು ಹಾಕುವುದು. ಇದನ್ನು ಮೈಗಳ್ಳತನ ಎನ್ನುವವರು ಈ ಬಿಸಿಲಲ್ಲಿ ಒಮ್ಮೆ ಇನ್ನೂರು ಬಾಗಿಲು ಬಡಿದು ಬಂದು ಆಮೇಲೆ ಮಾತಾಡಲಿ.

ಆ ದಿನ ಅವಳು ಮುದುಕಮ್ಮನ ಮನೆಯೊಳಗೆ ಕಾಲಿಟ್ಟದ್ದೂ ಸಮೀಕ್ಷೆಗಲ್ಲ, ನೀರು ಕುಡಿಯಲು. ಆ ಮನೆಗೆ ಎರಡು ದಿನದ ಹಿಂದೆಯೇ ಗುರುತು ಹಾಕಿಯಾಗಿತ್ತು. ಮುದುಕಮ್ಮ ಪಡಸಾಲೆಯಲ್ಲಿ ಕೂತು ಮೊರದಲ್ಲಿ ಕಾಳು ಆರಿಸುತ್ತಿದ್ದಳು. ಸೊಸೆ ದುರ್ಗಾದೇವಿ ಕಾಣಲಿಲ್ಲ.

“ದುರ್ಗಿ ಎಲ್ಲಿ ಅತ್ತಿ?”

“ಒಳಗ ಮಲಗ್ಯಾಳ. ಒಂಚೂರು ಮೈ ಬೆಚ್ಚಗ ಐತಿ. ಬಿಸಲಿಗೆ.”

ತಂಬಿಗೆ ಎತ್ತಿ ನೀರು ಕುಡಿಯುತ್ತಲೇ ಶೈಲಜಾ ಮೊರ ನೋಡಿದಳು. ಕಡಲೆ, ತೊಗರಿ, ಹೆಸರು, ಜೋಳ, ಮೆಕ್ಕೆಜೋಳ. ಯಾವ ಅಂಗಡಿಯವನೂ ಐದು ಕಾಳು ಬೆರೆಸಿ ಮಾರುವುದಿಲ್ಲ. ಹಾಗೆ ಕೊಡುವುದು ಗೋದಾಮಿನ ನೆಲ ಒಂದೇ. ಚೀಲದಿಂದ ಉದುರಿದ ಕಾಳು ಕಸ ಹೊಡೆದವಳ ಪಾಲು ಎಂಬುದು ಅಲ್ಲಿಯ ಹಳೆಯ ರೂಢಿ. ಶೈಲಜಾಳ ತಾಯಿಯೂ ಅಲ್ಲಿ ಕಸ ಹೊಡೆದವಳೇ. ತಾಯಿ ಕಾಳು ಬೇರೆ ಮಾಡುವಾಗ ಹಿಕ್ಕೆ ಆರಿಸಿ ಎಸೆಯುವುದು ಮಗಳ ಕೆಲಸವಾಗಿತ್ತು.

ಅವಳು ತಂಬಿಗೆ ಕೆಳಗಿಟ್ಟಳು. “ಗೋದಾಮಿನ ಕಸ ಯಾವಾಗ ಹೊಡದ್ರಿ?”

ಮುದುಕಮ್ಮ ಮೊರ ಸೆರಗಿನಡಿ ಎಳೆದುಕೊಂಡಳು. ಬಚ್ಚಿಟ್ಟು ಪ್ರಯೋಜನವಿಲ್ಲ ಎಂದು ಅವಳಿಗೂ ಗೊತ್ತಾಯಿತು.

“ಬೀಗ ಬೀಳ್ತೈತಿ ಅಂತ ಸುದ್ದಿ ಬಂತಲ್ಲ, ಅದರ ಹಿಂದಿನ ದಿನ. ನಾ ಬಾಗಿಲದಾಗ ಚೀಲ ಹಿಡದು ಕುಂತಿದ್ನಿ. ಒಳಗ ಹೊಡದಾಕಿ ದುರ್ಗಿ.”

“ನೀರು ಚಿಮುಕಿಸಿದ್ರೇನು?”

“ಧೂಳು ಭಾಳ ಐತಿ, ಚಿಮುಕಿಸ್ತೀನಿ ಅಂದ್ಳವ್ವ. ನಾನೇ ಬ್ಯಾಡ ಅಂದ್ನಿ. ನೀರು ಬಿದ್ರ ಕಾಳು ಮುಗ್ಗಲು ಹಿಡೀತಾವಲ್ಲ.”

ಒಳಕೋಣೆಯಲ್ಲಿ ದುರ್ಗಾದೇವಿ ಗೋಡೆಗೆ ಒರಗಿ ಕೂತಿದ್ದಳು. ಮಲಗಿದರೆ ಉಸಿರು ಹಿಡಿಯುತ್ತಿತ್ತು. “ಎಷ್ಟು ದಿನ ಆತು?” ಎಂದು ಕೇಳಿದರೆ ಮಾತು ಬಾರದೆ ನಾಲ್ಕು ಬೆರಳು ತೋರಿಸಿದಳು. ಶೈಲಜಾ ಅಲ್ಲೇ ನಿಂತು ಆಂಬುಲೆನ್ಸಿಗೆ ಫೋನು ಮಾಡಿದಳು. ಮೊನ್ನೆ ತಾನು ಬೀದಿಯಲ್ಲಿ ನಿಂತು ಕೂಗುವಾಗ ಇವಳು ಇದೇ ಗೋಡೆಗೆ ಒರಗಿ ಏದುತ್ತಿದ್ದಳು. ಹತ್ತು ಹೆಜ್ಜೆ ದೂರ ಅಷ್ಟೆ.

ಆಂಬುಲೆನ್ಸ್ ಬಂತು. ದಾರಿಯಲ್ಲಿ ತಳಕಲ್ ಊರು ದಾಟುವ ಹೊತ್ತಿಗೆ ದುರ್ಗಾದೇವಿಯ ತುಟಿ ನೀಲಿಯಾಗಿದ್ದವು. ಕೊಪ್ಪಳದ ಡಾಕ್ಟರು ಉಸಿರಿನ ಯಂತ್ರ ಹಾಕಿ ಹೊರಗೆ ಬಂದು, “ಎರಡು ದಿನ ಮೊದ್ಲ ತಂದಿದ್ರ ಛಲೋ ಇತ್ತು” ಎಂದರು. ಅವರು ಯಾರನ್ನೂ ಬೈಯಲಿಲ್ಲ. ಶೈಲಜಾಳಿಗೆ ಬೈದಿದ್ದರೇ ಚೆನ್ನಾಗಿತ್ತು ಅನ್ನಿಸಿತು. ಮೂರನೆಯ ಬೆಳಿಗ್ಗೆ ದುರ್ಗಾದೇವಿ ತೀರಿಕೊಂಡಳು.

ಮಣ್ಣಾದ ಮರುದಿನ ಆರೋಗ್ಯ ಇಲಾಖೆಯ ಇನ್ಸ್‌ಪೆಕ್ಟರ್ ರುದ್ರೇಶ ಸಮೀಕ್ಷೆಯ ಫಾರ್ಮುಗಳ ಕಟ್ಟು ಹಿಡಿದು, ಶೈಲಜಾಳನ್ನು ಕರೆದುಕೊಂಡು ಮುದುಕಮ್ಮನ ಮನೆಗೆ ಬಂದ. ಕೆಟ್ಟವನಲ್ಲ, ಅವನಿಗೂ ಹದಿನೈದು ದಿನದಿಂದ ನಿದ್ದೆಯಿರಲಿಲ್ಲ.

“ಶೈಲಕ್ಕ, ಈ ಮನಿಗೆ ಮೂರಕ್ಕೂ ಇಲ್ಲ ಅಂತ ಐತಿ. ನಾಳೆ ಮ್ಯಾಲಿನವರು ಕೇಳ್ತಾರ. ಮನಿಯವರು ಮುಚ್ಚಿಟ್ರು ಅಂತ ಬರೀಲೇನು?”

ಶೈಲಜಾ ಬಾಯಿ ತೆರೆಯುವ ಮೊದಲೇ ಹೊಸ್ತಿಲ ಮೇಲೆ ಕೂತಿದ್ದ ಮುದುಕಮ್ಮ ಹೇಳಿದಳು. “ಹಂಗಽ ಬರಕೊಳ್ರಿ ಸಾಹೇಬ್ರ. ನಾನೇ ಸುಳ್ಳು ಹೇಳೀನಿ. ಆ ಹುಡುಗಿ ಬಿಸಲಾಗ ನಿಂತು ಕೇಳಿತ್ತು, ನಾನೇ ಹೇಳ್ಲಿಲ್ಲ. ನೀರು ಚಿಮುಕಿಸಬ್ಯಾಡ ಅಂದಾಕೀನೂ ನಾನೇ. ಎಲ್ಲಾ ನನ್ನ ಮ್ಯಾಲ ಬರೀರಿ.”

ರುದ್ರೇಶ ಪೆನ್ನಿನ ಮುಚ್ಚಳ ತೆಗೆದ. ಸುಮ್ಮನಿದ್ದರೆ ಸಾಕಿತ್ತು. ಸುಮ್ಮನಿರಬೇಕೆಂದು ಶೈಲಜಾಳಿಗೆ ಬಹಳ ಆಸೆಯೂ ಆಯಿತು.

“ಅತ್ತಿ ಸುಳ್ಳು ಹೇಳಿಲ್ರಿ ಸರ,” ಎಂದಳು. “ನಾ ಏನೂ ಕೇಳೇ ಇಲ್ಲ. ಬೀದ್ಯಾಗ ನಿಂತು ಗುರುತು ಹಾಕೀನಿ. ಇದೊಂದ ಮನಿಗಲ್ಲ, ಮೂರು ದಿನದ್ದು ಎಲ್ಲಾ ಹಂಗಽ ಐತಿ.”

ರುದ್ರೇಶ ಅವಳ ಮುಖ ನೋಡಿದ, ಕಟ್ಟು ನೋಡಿದ. “ನಿಮ್ಮ ಕೆಲಸಕ್ಕ ಕುತ್ತು ಬರ್ತೈತಿ, ಶೈಲಕ್ಕ.”

“ಬರ್ಲಿ ಬಿಡ್ರಿ. ಖಾಲಿ ಫಾರ್ಮು ಅದಾವೇನು?”

ಅವನು ಕೊಟ್ಟ ಖಾಲಿ ಹಾಳೆಗಳನ್ನು ತೆಗೆದುಕೊಂಡು ಅವಳು ಓಣಿಯ ಮೊದಲ ಮನೆಗೆ ನಡೆದಳು. ಕಾಲು ಈಗಲೂ ನೋಯುತ್ತಿದ್ದವು. ಒಳಗಿನಿಂದ ಯಾರೋ ಎಂದಿನಂತೆ “ಎಲ್ಲಾರೂ ಛಲೋ ಅದೀವಿ” ಎಂದು ಕೂಗಿದರು. ಶೈಲಜಾ ಚಪ್ಪಲಿ ಬಿಟ್ಟು ಒಳಗೆ ಹೋದಳು.