ಹದಿಮೂರನೇ ಮನೆ

"ಮಂಜೂರಾಯ್ತು ಕಣಮ್ಮೋ! ಭೋಪಾಲಿಗೆ ಹೋಗಿಬರೋ ರೈಲು, ಊಟ, ರೂಮು, ಎಲ್ಲಾ ಅವರದೇ ಖರ್ಚು!" ಮಹಿಳಾ ಸಂಘದ ಶೈಲಜಾ ಫೋನಿನಲ್ಲಿ ಕೂಗುತ್ತಿದ್ದಳು. "ಸ್ತ್ರೀವಾದಿ ಸಮಾವೇಶ ಅಂದ್ರೆ ಸುಮ್ನೇನಾ? ನೀನು ಸ್ಟೇಜ್ ಮೇಲೆ ಮಾತಾಡ್ಬೇಕು. ಐದು ಗಂಟೆಯೊಳಗೆ ಒಂದು ಫೋಟೋ ಕಳ್ಸು. ನಿನ್ನ ಸೊಸೆ ಮುಟ್ಟಿನ ದಿನ ಹುಳುಮನೇಲಿ ಸೊಪ್ಪು ಹಾಕ್ತಿರೋದು."

ಲಕ್ಷ್ಮೀನರಸಮ್ಮ ಹೂಂ ಅಂದಳು. ಅಂದವಳು, ರೇಷ್ಮೆ ಸಾಕುವ ಹುಳುಮನೆಯ ಬಾಗಿಲಲ್ಲಿ ಹಾಗೇ ನಿಂತಳು.

ಸೊಸೆ ಭಾನುಪ್ರಿಯಾ ಅಂಗಳದಾಚೆ ಜಗಲಿಯ ಮೇಲೆ ಕೂತು ಅವರೆಕಾಯಿ ಬಿಡಿಸುತ್ತಿದ್ದಳು. ಮುಟ್ಟಾಗಿ ಎರಡನೇ ದಿನ. ಮುಟ್ಟಾದವರ ಗಾಳಿ ಸೋಕಿದರೆ ರೇಷ್ಮೆಹುಳ ಸೊಪ್ಪು ತಿನ್ನುವುದನ್ನೇ ಬಿಡುತ್ತದೆ ಅಂತ ದಿಬ್ಬೂರಹಳ್ಳಿಯಲ್ಲಿ ಎಷ್ಟೋ ಜನ ನಂಬಿದ್ದರು. ಆ ನಂಬಿಕೆಯನ್ನು ಮನೆಮನೆಗೆ ಹೋಗಿ ಬಿಡಿಸಿದವಳೇ ಲಕ್ಷ್ಮೀನರಸಮ್ಮ. ನೆರೆಮನೆ ವೆಂಕಟರತ್ನಮ್ಮನ ಮುಟ್ಟಾದ ಮಗಳನ್ನು ರಟ್ಟೆ ಹಿಡಿದು ಒಳಗೆ ಕರೆದೊಯ್ದು, ಹುಳದ ತಟ್ಟೆಯ ಮುಂದೆ ನಿಲ್ಲಿಸಿದ್ದಳು. ಹೀಗೆ ಹನ್ನೆರಡು ಮನೆ. ಸಮಾವೇಶದ ಅರ್ಜಿ ತುಂಬುವಾಗ ಎಷ್ಟು ಮನೆ ಅಂತ ಶೈಲಜಾ ಕೇಳಿದಳು. ತನ್ನ ಮನೆಯನ್ನೂ ಸೇರಿಸಿ ಬಾಯಿ ತಾನಾಗಿ ಹದಿಮೂರು ಅಂದುಬಿಟ್ಟಿತ್ತು.

ಹೋದ ವರ್ಷ ಹುಳಕ್ಕೆ ಹಾಲುರೋಗ ಬಂದು ಇಡೀ ಬೆಳೆ ತಿಪ್ಪೆಗೆ ಹೋಗಿತ್ತು. ಆ ವಾರ ಭಾನುಪ್ರಿಯಾ ಮುಟ್ಟಿನಲ್ಲೇ ಒಳಗೆ ಹೋಗಿದ್ದಳು. ಸೆಕೆಗೆ ಬಂದ ರೋಗ ಅಂತ ರೇಷ್ಮೆ ಇಲಾಖೆಯವರು ಹೇಳಿದರು. ಲಕ್ಷ್ಮೀನರಸಮ್ಮನ ತಲೆ ಒಪ್ಪಿತು, ಮನಸ್ಸು ಒಪ್ಪಲಿಲ್ಲ. ಅವತ್ತಿನಿಂದ ಮುಟ್ಟಿನ ದಿನ ಸೊಸೆಗೆ ಜಗಲಿಯೇ ಗತಿ.

ಮೂರು ಗಂಟೆ ಹೊತ್ತಿಗೆ ಜಗಲಿಯವರೆಗೆ ಹೋಗಿ ವಾಪಸು ಬಂದಳು. ಮೂರೂವರೆಗೆ ಮತ್ತೆ. ಮೈ ಸರಿಯಿಲ್ಲ, ಬೇರೆಯವರನ್ನು ಕಳಿಸು ಅನ್ನೋಣ ಅಂತ ಶೈಲಜಾಳ ನಂಬರು ಒತ್ತಿದಳು. ರಿಂಗಾಗುವ ಮೊದಲೇ ಕಟ್ ಮಾಡಿದಳು. ಅರವತ್ತು ವರ್ಷದಲ್ಲಿ ಅವಳು ಕಂಡ ದೂರದೂರು ತಿರುಪತಿ.

"ಯಾಕತ್ತೆ, ಕಾಲು ಸುಟ್ಟ ಬೆಕ್ಕಿನಂಗೆ ತಿರುಗ್ತೀರಾ?"

"ಫೋಟೋ ಬೇಕಂತೆ. ನೀನು ಒಳಗೆ ಸೊಪ್ಪು ಹಾಕ್ತಿರೋದು. ಹಳೇದು ಯಾವ್ದಾದ್ರೂ ಐತಾ?"

"ಇಲ್ಲೇ ತೆಗೀರಿ. ಬೆಳಕು ಚೆನ್ನಾಗೈತೆ." ಭಾನುಪ್ರಿಯಾ ತಲೆ ಎತ್ತಲಿಲ್ಲ. "ಭೋಪಾಲಲ್ಲಿ ಏನಂತೀರಾ? ಹನ್ನೆರಡು ಮನೇಲಿ ಹುಳ, ನಮ್ಮನೇಲಿ ಅವರೆಕಾಯಿ ಅಂತಾನಾ?"

"ಬಾಯಿ ಜಾಸ್ತಿಯಾಯ್ತು ನಿಂದು."

"ಇಲ್ಲಿ ಕೂತ್ರೆ ಅದೊಂದಕ್ಕೇ ತಾನೆ ಕೆಲಸ."

ಲಕ್ಷ್ಮೀನರಸಮ್ಮ ಫೋನನ್ನು ಅವರೆಸಿಪ್ಪೆಯ ಪಕ್ಕ ಕುಕ್ಕಿ ಹುಳುಮನೆಗೆ ನಡೆದಳು. ಪೊರೆ ಕಳಚುವ ನಾಲ್ಕನೇ ಜ್ವರ ಮುಗಿಸಿ ಎದ್ದ ಹುಳ, ಹಸಿವು ಜಾಸ್ತಿ. ಮಧ್ಯಾಹ್ನ ಹಾಕಿದ ಸೊಪ್ಪಿನಲ್ಲಿ ಬರೀ ಕಡ್ಡಿ ಉಳಿದಿತ್ತು. ಬುಟ್ಟಿ ಎತ್ತಿಕೊಂಡಳು, ಇಳಿಸಿದಳು. ಬಾಗಿಲಿಗೆ ಬಂದಳು.

"ಕೈ ತೊಳ್ಕೊಂಡು ಬಾ."

"ಫೋಟೋಗಾ?"

"ಸೊಪ್ಪು ಹಾಕಕ್ಕೆ. ಹೊತ್ತಾಯ್ತು."

ಭಾನುಪ್ರಿಯಾ ಅತ್ತೆಯ ಮುಖವನ್ನೇ ನೋಡಿದಳು. ಮೊರ ಬದಿಗಿಟ್ಟು ಎದ್ದಳು, ಕೈ ತೊಳೆದಳು, ಹೊಸ್ತಿಲಲ್ಲಿ ರೋಗ ಬರದಿರಲಿ ಅಂತ ಹಾಕಿದ್ದ ಸುಣ್ಣದ ಪುಡಿ ತುಳಿದು ನಿಂತಳು. ಲಕ್ಷ್ಮೀನರಸಮ್ಮ ಇನ್ನೂ ಬಾಗಿಲು ತುಂಬಿಕೊಂಡೇ ಇದ್ದಳು. ಕಾಲು ಕದಲಲು ಒಂದು ಗಳಿಗೆ ಹಿಡಿಯಿತು. ಆಮೇಲೆ ಪಕ್ಕಕ್ಕೆ ಸರಿದಳು.

ಸೊಸೆ ಮೇಲಿನ ತಟ್ಟೆಯಿಂದ ಶುರುಮಾಡಿದಳು. ಸೊಪ್ಪು ಉದುರಿಸುತ್ತ ಉದುರಿಸುತ್ತ ಕೈಗೆ ಎಂದಿನ ಓಘ ಬಂತು. ಜಗಲಿಯಲ್ಲಿ ಫೋನು ಹೊಡೆದುಕೊಳ್ಳತೊಡಗಿತು.

"ಶೈಲಜಕ್ಕ ಇರ್ಬೇಕು. ಫೋಟೋ, ಅತ್ತೆ?"

"ತಾಳು. ಮೊದ್ಲು ಇವು ತಿನ್ಲಿ."

ಫೋನು ನಿಂತು, ಮತ್ತೆ ಹೊಡೆದುಕೊಂಡಿತು. ಲಕ್ಷ್ಮೀನರಸಮ್ಮ ತಟ್ಟೆಯ ಮೇಲೆ ಬಗ್ಗಿ ನೋಡುತ್ತಿದ್ದಳು. ಸೊಪ್ಪು ಹಾಕಿದ ಹಾಗೇ ಬಿದ್ದಿತ್ತು. ಆಮೇಲೆ ಮೂಲೆಯಲ್ಲಿ ಒಂದು ಎಲೆಯ ಅಂಚು ಅಲುಗಿತು.