ಸೀಟಿನ ಕೆಳಗಿನ ಗುಳಿಗಳು

ಆ ಊರಲ್ಲಿ ರಾಜನೂ ಇರಲಿಲ್ಲ, ರಾಣಿಯೂ ಇರಲಿಲ್ಲ. ಒಬ್ಬ ಲೈನ್‌ಮನ್ ಇದ್ದ, ಅವನ ಹೆಂಡತಿ ಟೈಲರಮ್ಮ ಇದ್ದಳು, ಅವರಿಗೊಬ್ಬಳು ಮಗಳಿದ್ದಳು. ಕುದುರೆ ಮಾತ್ರ ಇತ್ತು. ಕಬ್ಬಿಣದ್ದು, ಪೆಟ್ರೋಲ್ ಕುಡಿದು ಗುಡುಗುಡು ಎನ್ನುತ್ತ ಓಡುವಂಥದ್ದು.

ಹೀಗಿರುವಾಗ ಟೈಲರಮ್ಮ ಕಾಯಿಲೆ ಬಿದ್ದಳು. ಕುದುರೆಯನ್ನು ಹಿತ್ತಲ ತಗಡಿನ ಮಾಡಿನ ಕೆಳಗೆ ನಿಲ್ಲಿಸಿದ ಲೈನ್‌ಮನ್ ಮತ್ತೆ ಅದರ ಕಡೆ ತಿರುಗಿ ನೋಡಲಿಲ್ಲ. ಹೆಂಡತಿಯ ಮಂಚದ ಪಕ್ಕವೇ ಅವನ ಠಾವಾಯಿತು. ಮಾಡು ಸೋರಿತು. ಕುದುರೆಗೆ ತುಕ್ಕು ಹಿಡಿಯಿತು.

ಕೊನೆಗಾಲದಲ್ಲಿ ತಾಯಿ ಮಗಳ ಕೈ ಹಿಡಿದಳು. “ನಿಮ್ಮಪ್ಪನ ಗಾಡಿಗೆ ಬಣ್ಣ ಕಾಣಿಸು ಮಗಳೇ. ಅದು ಹಾಗೇ ನಿಂತ್ರೆ ಅವರೂ ಹಾಗೇ ಕೂತುಬಿಡ್ತಾರೆ.”

“ಮಾಡ್ತೀನಮ್ಮ. ನೀನೇ ಹಿಂದೆ ಕೂತು ಹೋಗುವೆಯಂತೆ.”

“ಸುಳ್ಳು ಹೇಳೋಕೂ ಬರಲ್ಲ ನಿಂಗೆ,” ಎಂದು ತಾಯಿ ನಕ್ಕಳು.

ತಾಯಿ ಹೋದಳು. ಅಪ್ಪ ಬಾಗಿಲ ಬಳಿಯ ಕುರ್ಚಿಯಲ್ಲಿ ಕೂತವನು ಕೂತೇ ಇದ್ದ. ಉಣ್ಣು ಎಂದರೆ ಉಂಡ, ಮಲಗು ಎಂದರೆ ಮಲಗಿದ. ಏನು ಕೇಳಿದರೂ ಹೂಂ, ಉಹೂಂ, ಅಷ್ಟೆ.

ಮಗಳು ಔಷಧಿ ಅಂಗಡಿಯಲ್ಲಿ ಮಾತ್ರೆ ಕೊಡುವವಳು. ಗಾಡಿಗೆ ಬಣ್ಣ ಹೊಡೆಯುವ ಕಡೆ ರೇಟು ಕೇಳಿದಳು, ಅವಳ ಸಂಬಳಕ್ಕೆ ಎಟುಕುವಂತಿರಲಿಲ್ಲ. ಬೀದಿಯ ಕೊನೆಯ ವೆಲ್ಡಿಂಗ್ ಮಾವನ ಮುಂದೆ ಹೋಗಿ ನಿಂತಳು.

“ಕೈಯಲ್ಲೇ ಉಜ್ಜು,” ಎಂದ ಅವನು. “ರಟ್ಟೆ ಇದೆಯಲ್ಲ, ಅದಕ್ಕೇನು ಬಾಡಿಗೆಯಾ? ಗೇಟಿಗೆ ಬಳಿದು ಉಳಿದ ಕಪ್ಪು ಬಣ್ಣ ಇದೆ, ತಗೊಂಡು ಹೋಗು. ಆಮೇಲೆ ಗಾಡಿ ಗೇಟಿನ ಹಾಗೆ ಕಿರುಗುಟ್ಟಿದ್ರೆ ನನ್ನ ಕೇಳಬೇಡ.”

ಇಂಜಿನ್ನು, ಟ್ಯಾಂಕು, ಚಕ್ರ ಎಲ್ಲ ಅವನೇ ಬಿಚ್ಚಿಕೊಟ್ಟ. ಉಳಿದದ್ದು ಚಾಸಿ, ಬರೀ ಎಲುಬಿನ ಗೂಡು. ರಜೆ ಸಿಕ್ಕಾಗಲೆಲ್ಲ ಮಗಳು ಅದರ ಮುಂದೆ ಕೂತಳು. ಸೀಮೆಎಣ್ಣೆ ಬಟ್ಟೆಯಲ್ಲಿ ಜಿಡ್ಡು ಒರೆಸಿದಳು. ತಂತಿ ಬ್ರಷ್ಷಿನಿಂದ ಹಕ್ಕಳೆ ಎಬ್ಬಿಸಿದಳು, ಅದು ಹೋಗದ ಸಂದಿಗೆ ಹಲ್ಲುಜ್ಜುವ ಹಳೇ ಬ್ರಷ್ಷು. ಆಮೇಲೆ ಉಪ್ಪುಕಾಗದ. ಕೆಂಪು ಪುಡಿ ಉಗುರುಗಳೊಳಗೆ ಕೂತುಬಿಟ್ಟಿತು. ಮಾತ್ರೆ ಕೊಳ್ಳಲು ಬಂದವರು ಅವಳ ಕೈ ನೋಡಿ ಮುಖ ಸಿಂಡರಿಸಿದರು.

ಸೀಟಿನ ಕೆಳಗಿನ ಬಲಗಡೆ ಕೊಳವೆಯ ಮೇಲೆ ಮಾತ್ರ ಎಷ್ಟು ಉಜ್ಜಿದರೂ ಹೋಗದ ಗುಳಿಗಳು, ಸಿಡುಬಿನ ಕಲೆಯ ಹಾಗೆ ಒತ್ತೊತ್ತಾಗಿ.

“ತುಕ್ಕು ತಿಂದಿರೋದು. ಕೊಳವೆ ಗಟ್ಟಿ ಇದೆ, ಪುಟ್ಟಿ ತುಂಬಿ ಸಮ ಮಾಡು,” ಎಂದ ವೆಲ್ಡಿಂಗ್ ಮಾವ.

ತುಂಬಿದಳು. ಒಣಗಿದ ಮೇಲೆ ಉಜ್ಜಿ, ಬೆರಳಾಡಿಸಿ, ಗಾಜಿನಂತಾಯಿತೆಂದು ಹಿಗ್ಗಿದಳು. ಅಪ್ಪನ ಕೈ ಹಿಡಿದು ಹಿತ್ತಲಿಗೆ ಕರೆತಂದಳು.

ಅಪ್ಪ ಚಾಸಿಯ ಸುತ್ತ ಬಂದ. ಮುಖದಲ್ಲಿ ಏನೋ ಅಲುಗಿತು. ಬಲಗಡೆ ಬಾಗಿ, ಆ ಕೊಳವೆಯ ಮೇಲೆ ಬೆರಳಿಟ್ಟು ಹುಡುಕಿದ. ಹಿಂದಕ್ಕೆ, ಮುಂದಕ್ಕೆ, ಮತ್ತೆ ಹಿಂದಕ್ಕೆ.

“ಇಲ್ಲಿ ಗುಳಿಗಳಿದ್ವಲ್ಲ?”

“ತುಕ್ಕಪ್ಪ. ತುಂಬಿಬಿಟ್ಟೆ.”

“ತುಕ್ಕಲ್ಲ ಕಣಮ್ಮ.” ಅಪ್ಪ ಅಲ್ಲೇ ಕುಕ್ಕರಿಸಿದ. “ನಿಮ್ಮಮ್ಮ.”

ಆಮೇಲೆ ತುಂಡುತುಂಡಾಗಿ ಹೇಳಿದ. ಗಾಳಿಯಲ್ಲಿ, ಹೆಲ್ಮೆಟ್ಟಿನೊಳಗೆ ಅವನಿಗೆ ಹಿಂದೆ ಕೂತ ಹೆಂಡತಿಯ ಕೂಗು ಕೇಳುತ್ತಿರಲಿಲ್ಲ. ಅವಳೋ, ಸೂಜಿ ಚುಚ್ಚದಿರಲೆಂದು ಬೆರಳಿಗೆ ಹಾಕಿಕೊಂಡ ಕಬ್ಬಿಣದ ಟೋಪಿಯನ್ನು ಹೊಲಿಗೆ ಅಂಗಡಿಯಿಂದ ಮನೆ ಸೇರುವ ತನಕ ತೆಗೆಯುತ್ತಿರಲಿಲ್ಲ. ಅದರಿಂದಲೇ ಕೊಳವೆಗೆ ಕುಟ್ಟುತ್ತಿದ್ದಳು. ಒಂದು ಟಕ್ ಅಂದರೆ ನಿಧಾನ. ಎರಡು ಅಂದರೆ ನಿಲ್ಲಿಸು.

“ಕುಟ್ಟಿ ಕುಟ್ಟಿ ಗಾಡಿ ತೂತು ಮಾಡ್ತೀಯಾ ಅಂತ ಬೈತಿದ್ದೆ. ಬಾಯಲ್ಲಿ ಹೇಳಿದ್ರೆ ಯಾವತ್ತು ಕೇಳಿದ್ದೀರಿ ಅಂತಿದ್ಲು.”

ಅವನು ಎದ್ದು ಒಳಗೆ ಹೋಗಿ ಅದೇ ಕುರ್ಚಿಯಲ್ಲಿ ಕೂತ. ಈ ಸಲ ಉಣ್ಣು ಎಂದರೂ ಉಣ್ಣಲಿಲ್ಲ.

ಮಗಳು ಹಿತ್ತಲಿಗೆ ವಾಪಸಾದಳು. ಅಮ್ಮನಿಗೆ ಕೊಟ್ಟ ಮಾತು ಉಳಿಸಲು ಹೋಗಿ ಅಮ್ಮನನ್ನೇ ಉಜ್ಜಿಹಾಕಿದ್ದಳು. ಹೊಲಿಗೆ ಡಬ್ಬಿಯಿಂದ ಅಮ್ಮನ ದಬ್ಬಳ ತಂದು ಪುಟ್ಟಿಯನ್ನು ಚೂರುಚೂರೇ ಕೆದಕಿದಳು. ಗುಳಿ ಎಲ್ಲಿದೆಯೆಂದು ಕಣ್ಣಿಗೆ ತಿಳಿಯದಾದಾಗ ಬೆರಳನ್ನು ಕೇಳಿದಳು. ಆಳವಾದವು ಸಿಕ್ಕವು. ಅಂಚಿನ ಸಣ್ಣವು ಉಪ್ಪುಕಾಗದಕ್ಕೆ ಸವೆದೇ ಹೋಗಿದ್ದವು. ಅವು ಮತ್ತೆ ಬರಲಿಲ್ಲ.

ದಬ್ಬಳದ ಕಿರಕಿರ ಕೇಳಿಯೋ ಏನೋ, ಅಪ್ಪ ಬಂದು ಪಕ್ಕದಲ್ಲಿ ನಿಂತಿದ್ದ.

“ಎಲ್ಲ ಸಿಗಲಿಲ್ಲಪ್ಪ,” ಎಂದಳು ಮಗಳು.

ಅಪ್ಪ ಉಳಿದವುಗಳ ಮೇಲೆ ಒಂದೊಂದಾಗಿ ಬೆರಳಿಟ್ಟ. “ಹೀಗೇ ಬಿಟ್ರೆ ಇವನ್ನೂ ತುಕ್ಕು ತಿಂದುಹಾಕತ್ತೆ. ತೆಳ್ಳಗೆ ಬಳೀಬೇಕು, ತುಂಬಬಾರದು. ಬ್ರಷ್ ಕೊಡಿಲ್ಲಿ.”

ಮೊದಲು ತುಕ್ಕು ತಡೆಯುವ ರೆಡ್ ಆಕ್ಸೈಡ್, ಅದು ಒಣಗಿದ ಮೇಲೆ ಗೇಟಿನ ಕಪ್ಪು. ಬಲಗಡೆಯ ಕೊಳವೆಯನ್ನು ಅಪ್ಪ ಬಳಿದ, ಉಳಿದದ್ದನ್ನು ಮಗಳು. ಬಣ್ಣ ಗುಳಿಗಳೊಳಗೆ ಇಳಿದು ಒದ್ದೆ ಕಣ್ಣಿನ ಹಾಗೆ ಮಿನುಗಿತು. ಕೊನೆಯದೂ ಮುಗಿದಾಗ ಅಪ್ಪ ಬ್ರಷ್ಷನ್ನು ಡಬ್ಬಿಯ ಅಂಚಿಗೆ ಕುಟ್ಟಿದ. ಟಕ್, ಟಕ್.

ಇಬ್ಬರ ಕೈಗಳೂ ನಿಂತವು. ಬಳಿಯುವುದು ಇನ್ನೇನೂ ಉಳಿದಿರಲಿಲ್ಲ.