ಹುಳುಮನೆ ಬಾಗಿಲಿನ ರಾಕ್ಷಸ

ಬೋರಲಿಂಗಯ್ಯನಿಗೆ ಎರಡು ಎಕರೆ ಹಿಪ್ಪುನೇರಳೆ ತೋಟವಿತ್ತು, ತೋಟದ ಅಂಚಿನಲ್ಲಿ ರೇಷ್ಮೆ ಸಾಕಲು ಕಟ್ಟಿಸಿದ ಹೊಸ ಹುಳುಮನೆಯಿತ್ತು, ಆ ಹುಳುಮನೆಯ ಅಟ್ಟದ ಮೇಲೆ ಒಂದು ಬಿಸ್ಕತ್ತಿನ ಡಬ್ಬದ ತುಂಬ ಪ್ಲಾಸ್ಟಿಕ್ ರಾಕ್ಷಸರಿದ್ದರು. ಮೊದಲ ಎರಡು ಸಂಗತಿ ಊರಿಗೆಲ್ಲ ಗೊತ್ತಿತ್ತು. ಮೂರನೆಯದು ಹೆಂಡತಿ ಶಿವಲಿಂಗಮ್ಮನಿಗೂ ಗೊತ್ತಿರಲಿಲ್ಲ.

ಕಬ್ಬಾಳು ಬೆಟ್ಟದ ಕೆಳಗಿನ ಹಳ್ಳಿಗಳಿಗೆಲ್ಲ ರೇಷ್ಮೆ ಕೈಹಿಡಿದಿದ್ದ ಕಾಲ ಅದು. ಗೂಡು ಮಾರಲು ರಾಮನಗರಕ್ಕೆ ಹೋದವರಲ್ಲಿ ಒಬ್ಬ ರೇಡಿಯೋ ಹೊತ್ತು ತರುತ್ತಿದ್ದ, ಇನ್ನೊಬ್ಬ ಹೆಂಡತಿಗೆ ಓಲೆ ತರುತ್ತಿದ್ದ, ಮತ್ತೊಬ್ಬ ಬಿರಿಯಾನಿ ತಿಂದು ಬಾಯಿ ಒರೆಸಿಕೊಂಡು ಬರುತ್ತಿದ್ದ. ನಮ್ಮ ಬೋರಲಿಂಗಯ್ಯ ಮಾತ್ರ ಚನ್ನಪಟ್ಟಣದಲ್ಲಿ ಇಳಿದು ನೆಟ್ಟಗೆ ಕರೀಮನ ಗುಜರಿ ಅಂಗಡಿಗೆ ನುಗ್ಗುತ್ತಿದ್ದ. ಮರದ ಬೊಂಬೆಗೆ ಹೆಸರಾದ ಊರಿಗೆ ಹೋಗಿ ಹಳೇ ಪ್ಲಾಸ್ಟಿಕ್ಕಿಗೆ ಮೂಟೆ ಕೆದಕುವ ಗಂಡಸನ್ನು ಏನೆಂದು ಕರೆಯಬೇಕೋ! ಒಂಟಿಕಣ್ಣಿನವನು, ಕೊಂಬಿನವನು, ಮೀನಿನ ಮೈಯವನು, ಹೊಟ್ಟೆಯಲ್ಲೂ ಬಾಯಿ ಇರುವವನು. ಒಂದನ್ನು ಅಂಗೈ ಮೇಲೆ ನಿಲ್ಲಿಸಿಕೊಂಡು ನೋಡಿದರೆ ಜೀವಕ್ಕೆ ಹಾಯೆನ್ನಿಸುತ್ತಿತ್ತು, ಅಷ್ಟೇ. ಮೀಸೆ ನರೆಯುತ್ತಿರುವ ವಯಸ್ಸಿನಲ್ಲಿ ಇದನ್ನು ಯಾರಿಗೆ ಹೇಳುವುದು? ಕೆಲಸವಿಲ್ಲದ ಹೊರಗಿನವರು ಕಾಲಿಡದ ಜಾಗ ಹುಳುಮನೆಯೊಂದೇ, ಅದರ ಅಟ್ಟಕ್ಕಂತೂ ಅವನ ಹೊರತು ಯಾರೂ ಹತ್ತುತ್ತಿರಲಿಲ್ಲ. ಅದಕ್ಕೇ ಅಲ್ಲಿ ಬಚ್ಚಿಟ್ಟಿದ್ದ.

ಆ ಸಲ ಕರೀಂ ಒಂದು ಹಸಿರು ರಾಕ್ಷಸನನ್ನು ಎತ್ತಿ ಹಿಡಿದ. ಗೇಣುದ್ದ, ನಾಲ್ಕು ತೋಳು, ಬಾಯ್ತುಂಬ ಕೆಂಪು ಬಣ್ಣದ ಹಲ್ಲು. "ಇಂಥಾ ಮಾಲು ಈಗ ಬರಲ್ಲ ಗೌಡ್ರೆ. ಇದರ ಅಚ್ಚು ಒಡ್ದೋಗಿ ಯಾವ ಕಾಲ ಆಯ್ತೋ. ಆದ್ರೆ ಸೋಪು ಹಾಕಿ ಚೆನ್ನಾಗಿ ತೊಳ್ದು ಇಟ್ಕೊಳ್ಳಿ. ಬೆಳೆಗೆ ಹೊಡಿಯೋ ಔಷಧಿ ಡಬ್ಬಗಳ ಮೂಟೇಲಿ ಬಂದೈತೆ."

ಬೋರಲಿಂಗಯ್ಯ ತಲೆಯಾಡಿಸಿದ. ಬಸ್ಸಿನಲ್ಲಿ ಕೂತು ಆ ಹಲ್ಲುಗಳ ಬಣ್ಣವನ್ನು ಉಗುರಿನಿಂದ ಮೆಲ್ಲಗೆ ಮುಟ್ಟಿ ನೋಡಿದ. ಎದ್ದು ಬರುವಂತಿತ್ತು. ಸೋಪು ಹಾಕಿದರೆ ಇಷ್ಟು ವರ್ಷ ಉಳಿದ ಬಣ್ಣ ಹೋಗಿಯೇ ಹೋಗುತ್ತದೆ ಅನ್ನಿಸಿತು. ಹುಳುಮನೆಯ ಬಾಗಿಲಲ್ಲಿ ಒಂದು ತೊಟ್ಟಿ, ಅದರಲ್ಲಿ ಬ್ಲೀಚಿಂಗ್ ಪೌಡರ್ ಕದಡಿದ ನೀರು. ಕೈಕಾಲು ಅದ್ದದೆ ಯಾರೂ ಒಳಗೆ ಹೋಗುವಂತಿಲ್ಲ, ದೇವರೇ ಬಂದರೂ ಶಿವಲಿಂಗಮ್ಮ ಬಿಡುವವಳಲ್ಲ. ಬೋರಲಿಂಗಯ್ಯ ಕೈಕಾಲನ್ನು ಚೆನ್ನಾಗಿ ತೊಳೆದುಕೊಂಡ. ಸೊಂಟದ ಪಂಚೆಯೊಳಗಿದ್ದ ರಾಕ್ಷಸನನ್ನು ತೊಳೆಯಲಿಲ್ಲ. ಅಟ್ಟ ಹತ್ತಿ, ಬಿದಿರಿನ ದಬ್ಬೆಗಳ ಮೇಲೆ ಅವನನ್ನು ನಿಲ್ಲಿಸಿ ಇಳಿದ.

ಹುಳ ನಾಲ್ಕನೇ ಜ್ವರ, ಅಂದರೆ ಪೊರೆ ಬಿಡುವ ಕೊನೆಯ ನಿದ್ದೆ, ಕಳೆದು ಎದ್ದು ಮೂರು ದಿನವಾಗಿತ್ತು. ಇನ್ನು ನಾಲ್ಕು ದಿನ ಸೊಪ್ಪು ತಿಂದರೆ ಹಣ್ಣಾಗಿ ಗೂಡು ಕಟ್ಟುವುದೇ ಬಾಕಿ. ಬೆಳಗ್ಗೆ ನೋಡಿದರೆ ಅಟ್ಟದ ಕೆಳಗಿನ ತಟ್ಟೆಗಳಲ್ಲಿ ಹುಳ ತಲೆ ಎತ್ತಿ ಅತ್ತಿತ್ತ ಆಡಿಸುತ್ತಾ ಹಸಿರು ನೀರು ಕಕ್ಕುತ್ತಿದ್ದವು. ಶಿವಲಿಂಗಮ್ಮ ಬಾಯಿ ಬಡಿದುಕೊಂಡಳು. ಬೋರಲಿಂಗಯ್ಯ ಏಣಿಗೆ ಓಡಿದ. ಅಟ್ಟಕ್ಕೆ ಹಾರಿ ನೋಡಿದ. ಟೊಳ್ಳು ರಾಕ್ಷಸನ ಪಾದದಲ್ಲಿ ಒಂದು ತೂತು. ತೂತಿನಿಂದ ಬಿಳಿ ಪುಡಿ ಸುರಿದು, ದಬ್ಬೆಯ ಸಂದಿಯಿಂದ ಕೆಳಕ್ಕೆ ಇಳಿದಿತ್ತು.

ಹೇಳಿಬಿಡೋಣ ಅಂತಲೇ ಕೆಳಗಿಳಿದ. ಅಷ್ಟರಲ್ಲಿ ಶಿವಲಿಂಗಮ್ಮ ಬೇರೆಯೇ ದಾರಿ ಹಿಡಿದಿದ್ದಳು.

"ಅವ್ಳದೇ ಕಣ್ಣು! ಬೀರಮ್ಮಂದೇ! ನೆನ್ನೆ ಸೊಪ್ಪು ಹಾಕೋಕೆ ಬಂದೋಳು ಏನಂದ್ಲು ಗೊತ್ತಾ? 'ಏನ್ ಹುಳ ಕಣವ್ವ, ಬೆರಳ್ ಗಾತ್ರ ಆಗ್ಬುಟ್ಟವೆ' ಅಂದ್ಲು. ಹುಳ ನೋಡಿ ಯಾರಾರ ಅಂಗ್ ಅಂತಾರಾ?"

ನಿಜವೇ. ಹುಳುಮನೆಯಲ್ಲಿ ಹುಳುವನ್ನು ಯಾರೂ ಹೊಗಳುವುದಿಲ್ಲ. ಎಷ್ಟೇ ಚೆನ್ನಾಗಿದ್ದರೂ "ಏನೋ ಇವೆ" ಅನ್ನಬೇಕು. ಬೀರಮ್ಮ ಕುರಿ ಸಾಕುವ ಮನೆಯ ಹೆಂಗಸು. ಹಣ್ಣಾದ ಹುಳುವನ್ನು ನೋವಾಗದಂತೆ ಆರಿಸಿ ಗೂಡು ಕಟ್ಟುವ ಬಿದಿರಿನ ಚಂದ್ರಿಕೆಗೆ ಬಿಡುವುದರಲ್ಲಿ ಅವಳನ್ನು ಮೀರಿಸುವವರಿರಲಿಲ್ಲ, ಊರಲ್ಲಿ ಯಾರ ಮನೆ ಹುಳ ಹಣ್ಣಾದರೂ ಮೊದಲ ಕರೆ ಅವಳಿಗೇ. ಸಂತೋಷ ತಡೆಯಲಾರದೆ ಒಂದು ಮಾತು ಆಡಿದ್ದಳು.

ಬೋರಲಿಂಗಯ್ಯ ಲೆಕ್ಕ ಹಾಕಿದ. ರಾಕ್ಷಸನ ವಿಷಯ ಎತ್ತಿದರೆ ಡಬ್ಬದ ವಿಷಯ ಬರುತ್ತದೆ, ಊರು ಬಿದ್ದೂ ಬಿದ್ದೂ ನಗುತ್ತದೆ. ಸಂಜೆ ಹೇಳೋಣ ಅಂದುಕೊಂಡ. ಸಂಜೆ ಹೊತ್ತಿಗೆ ಮಾತು ಇಡೀ ಊರು ಸುತ್ತಿ ಬಂದಿತ್ತು. ರಾಕ್ಷಸನನ್ನಾದರೂ ತಿಪ್ಪೆಗೆ ಎಸೆದನೇ? ಅದೂ ಇಲ್ಲ. ಅಂಥ ಮಾಲು ಮತ್ತೆ ಸಿಗುವುದಿಲ್ಲವಲ್ಲ! ಚೆಲ್ಲಿದ ಪುಡಿ ಒರೆಸಿ, ತೂತಿಗೆ ಬಟ್ಟೆ ತುರುಕಿ, ಮೇಲೆ ಮೇಣ ಮೆತ್ತಿ, ಡಬ್ಬದಲ್ಲಿ ಮಲಗಿಸಿದ. ಇಷ್ಟು ಕೀಳು ಮನುಷ್ಯನೇ ನಾನು ಎಂದು ಅವನಿಗೇ ಹೇಸಿಗೆಯಾಯಿತು. ಆದರೂ ಡಬ್ಬದ ಮುಚ್ಚಳವನ್ನು ಜೋಪಾನವಾಗಿಯೇ ಮುಚ್ಚಿದ.

ಬೀರಮ್ಮನನ್ನು ಯಾರೂ ಹುಳುಮನೆಗೆ ಕರೆಯದಾದರು. ಮುಂದಿನ ಬೆಳೆಗೆ ಅಟ್ಟ ಗುಡಿಸಲು ಹತ್ತಿದ ಶಿವಲಿಂಗಮ್ಮ ಡಬ್ಬ ಹಿಡಿದು ಇಳಿದಳು. "ಏನ್ ಇವು?"

ಬೋರಲಿಂಗಯ್ಯನ ಬಾಯಿಗೆ ಬಂದದ್ದು ಸುಳ್ಳೊಂದೇ. "ಅವಾ... ದೃಷ್ಟಿಗೆ ತಂದಿದ್ದೆ. ಚನ್ನಪಟ್ಣದಿಂದ."

ಶಿವಲಿಂಗಮ್ಮನ ಮುಖ ಅರಳಿತು. ಎಲ್ಲಕ್ಕಿಂತ ವಿಕಾರವಾಗಿದ್ದ ಆ ಹಸಿರು ರಾಕ್ಷಸನನ್ನೇ ಆರಿಸಿ, ಕತ್ತಿಗೆ ಕರಿದಾರ ಕಟ್ಟಿ, ಹುಳುಮನೆಯ ಬಾಗಿಲ ಮೇಲೆ ತೂಗಿಹಾಕಿದಳು. ಗಂಡ ದಿನಾ ಬಂದು ಅದರ ಕಾಲು ಮುಟ್ಟಿ ನೋಡುತ್ತಿದ್ದ, ಮೇಣ ಗಟ್ಟಿಯಾಗಿದೆಯೇ ಎಂದು. ಶಿವಲಿಂಗಮ್ಮ ಅದನ್ನು ಭಕ್ತಿ ಎಂದುಕೊಂಡಳು. ಆ ಸಲದ ಬೆಳೆ ಬಂಗಾರದಂತೆ ಬಂತು.

ಇನ್ನು ಕೇಳಬೇಕೇ? "ನಮ್ಗೂ ಒಂದ್ ಕೊಡ್ಲಾ ಬೋರ" ಎಂದು ಊರೇ ಬಂತು. ಒಂಟಿಕಣ್ಣಿನವನು ಮೇಲಿನ ಬೀದಿಗೆ ಹೋದ, ಕೊಂಬಿನವನು ಕೆರೆ ಕೆಳಗಿನ ಮನೆಗೆ, ಮೀನಿನ ಮೈಯವನು ಪಟೇಲರ ಹುಳುಮನೆಗೆ. ಎಷ್ಟೋ ಕಾಲ ಕತ್ತಲಲ್ಲಿ ಬಚ್ಚಿಟ್ಟಿದ್ದವರೆಲ್ಲ ಬಿಸಿಲಿಗೆ ಬಂದರು. ನಾಚಿಕೆಗೇಡಿನ ಸಂಗತಿಯೆಂದರೆ, ಮೊದಲ ದಿನ ಬೀದಿಯಲ್ಲಿ ನಡೆಯುವಾಗ ಅವನಿಗೆ ಕೊಂಚ ಹೆಮ್ಮೆಯೂ ಆಯಿತು. ಆಮೇಲೆ ಎದುರಿಗೆ ಬೀರಮ್ಮ ಬಂದಳು. ಕುರಿ ಮುಂದೆ ಬಿಟ್ಟುಕೊಂಡು, ಸೆರಗು ಹಣೆ ದಾಟಿಸಿ, ನೆಲ ನೋಡುತ್ತಾ ಹೋದಳು. ಎರಡೂ ಕಡೆಯ ಬಾಗಿಲುಗಳಿಂದ ಅವನ ರಾಕ್ಷಸರು ಅವಳೊಬ್ಬಳನ್ನೇ ದಿಟ್ಟಿಸುತ್ತಿದ್ದರು. ಅವತ್ತಿನಿಂದ ಅವನಿಗೆ ಅನ್ನ ರುಚಿಸಲಿಲ್ಲ.

ಒಂದು ಮಧ್ಯಾಹ್ನ ಬೀರಮ್ಮ ತೋಟಕ್ಕೆ ಬಂದಳು. ಹುಳುಮನೆಗೆ ದೂರದಲ್ಲೇ, ಬದುವಿನಾಚೆ ನಿಂತಳು.

"ನಂಗೂ ಒಂದ್ ಕೊಡಣ್ಣ, ಆ ಬೊಂಬೆ."

"ನಿಂಗ್ಯಾಕವ್ವ? ನಿನ್ ತಾವ ಹುಳ ಇಲ್ವಲ್ಲ."

"ಹುಳಕ್ಕಲ್ಲ ಕಣಣ್ಣ. ಮೊಮ್ಮಗ ಹುಟ್ಟವ್ನೆ. ತೊಟ್ಲಿಗೆ ಕಟ್ಟಾನಾ ಅಂತ. ಯಾರ್ದೋ ಕಣ್ಣಿಗಲ್ಲ, ನನ್ ಕಣ್ಣಿಗೇಯ. ಸೊಸೆ ಎತ್ಕೊಳಿ ಅಂತ ಕೊಟ್ರೆ ಗ್ವಾಡೆ ಕಡೆ ಮಕ ತಿರುಗುಸ್ಕಂಡು ಎತ್ಕತೀನಿ. ನಿಮ್ ಹುಳಕ್ಕಾದಂಗೆ ಮಗೀಗೂ ಆಗ್ಬುಟ್ರೆ?"

ಬೋರಲಿಂಗಯ್ಯ ಬದುವಿನ ಮೇಲೆ ಕುಸಿದು ಕೂತ. ಊರು ನಂಬಿದ್ದು ಅವನಿಗೆ ಗೊತ್ತಿತ್ತು. ಅವಳೂ ನಂಬಿದ್ದಾಳೆ ಎಂಬುದು ಗೊತ್ತಿರಲಿಲ್ಲ. ಆಗ ಎಲ್ಲವನ್ನೂ ಹೇಳಿದ. ಕರೀಮನ ಮಾತು, ತೊಳೆಯದ್ದು, ಪುಡಿ, ಮೇಣ, ಏನನ್ನೂ ಬಿಡಲಿಲ್ಲ. ಬೀರಮ್ಮ ಕೇಳಿ, ತಲೆ ಎತ್ತದೆಯೇ ಅಂದಳು, "ನನ್ ಸಮಾಧಾನಕ್ಕೆ ಅಂತೀಯ ಬುಡಣ್ಣ. ನೀನು ಒಳ್ಳೇವ್ನು."

ಅವನನ್ನು ಆ ಮಾತಿನಷ್ಟು ಯಾವ ಬೈಗುಳವೂ ಸುಡುತ್ತಿರಲಿಲ್ಲ. ಎದ್ದವನೇ ಹುಳುಮನೆಗೆ ನುಗ್ಗಿ, ಒಂದು ಮೊರದಲ್ಲಿ ಸೊಪ್ಪು ಹರಡಿ ಒಂದಿಷ್ಟು ಹುಳ ಬಿಟ್ಟುಕೊಂಡು ಬಂದ. ಬಾಗಿಲ ಮೇಲಿನ ರಾಕ್ಷಸನನ್ನು ಕಿತ್ತು, ಪಾದದ ಮೇಣ ಕೆರೆದು, ಬಟ್ಟೆ ಎಳೆದು, ಮೊರದ ಮೇಲೆ ಕುಟ್ಟಿದ. ಒಂಚೂರು ಪುಡಿ ಉದುರಿತು.

"ನೋಡವ್ವ. ನಿನ್ ಕಾಲಿಗ್ ಬೀಳ್ತೀನಿ, ತಲೆ ಎತ್ತಿ ನೋಡು."

ಇಬ್ಬರೂ ಕಾದರು. ಸದ್ದು ಕೇಳಿ ಸೊಪ್ಪಿನ ಕುಕ್ಕೆ ಹೊತ್ತಿದ್ದ ಶಿವಲಿಂಗಮ್ಮನೂ ಬಂದು ನಿಂತಳು. ಎಲೆಅಡಿಕೆ ಜಗಿದು ಉಗುಳುವಷ್ಟು ಹೊತ್ತಿಗೆ ಒಂದು ಹುಳ ತಲೆ ಎತ್ತಿ ಅತ್ತಿತ್ತ ಆಡಿಸಿತು. ಇನ್ನೊಂದು ಹಸಿರು ನೀರು ಕಕ್ಕಿತು. ಶಿವಲಿಂಗಮ್ಮ ಕುಕ್ಕೆ ಇಳಿಸಿ ಗಂಡನ ಎದುರು ನಿಂತಳು.

"ಆವತ್ತೇ ಗೊತ್ತಿತ್ತಾ ನಿಂಗೆ?"

"ಹೂಂ."

ಶಿವಲಿಂಗಮ್ಮ ಗಂಡನ ಮುಖ ನೋಡಿದಳು, ಆಮೇಲೆ ಬೀರಮ್ಮನ ಮುಖ ನೋಡಲಾರದೆ ನೆಲ ನೋಡಿದಳು. ಬೀರಮ್ಮ ಸಾಯುತ್ತಿದ್ದ ಹುಳುಗಳ ಮೇಲಿಂದ ಕಣ್ಣು ಕೀಳದೆ ಒಂದೇ ಮಾತು ಕೇಳಿದಳು.

"ಅಂಗಾರೆ ನಾನು ಮಗೀನ ನೋಡ್ಬೌದಾ?"

"ಓಗವ್ವ," ಎಂದವಳು ಶಿವಲಿಂಗಮ್ಮ. "ಓಗು, ಕಣ್ತುಂಬ ನೋಡೋಗು."

ಬೀರಮ್ಮ ಬದು ದಾಟಿ ಓಡಿದಳು. ಬೋರಲಿಂಗಯ್ಯ ಏಣಿ ಹೊತ್ತು ಊರೊಳಗೆ ಹೊರಟ. ಮೇಲಿನ ಬೀದಿಯಲ್ಲಿ ಒಂಟಿಕಣ್ಣಿನವನನ್ನು ಬಿಚ್ಚುತ್ತಿದ್ದಾಗ ಮನೆಯವರು ಅಡ್ಡ ಬಂದು, "ಯಾಕ್ಲಾ ಬೋರ, ಬಿಚ್ತಾ ಇದ್ದೀಯಾ?" ಅಂದರು. ಏಣಿಯ ಮೇಲೆ ನಿಂತೇ ಎಲ್ಲವನ್ನೂ ಹೇಳಿದ. ಕೆಲವರು ಉಗಿದರು, ಕೆಲವರು ನಕ್ಕರು. ಪ್ರತಿ ಮನೆಯಲ್ಲೂ ಮೊದಲಿನಿಂದ ಹೇಳಬೇಕಾಯಿತು.

ಪಟೇಲರ ಹುಳುಮನೆಗೆ ಹೋಗುವಾಗ ಬೀರಮ್ಮನ ಮನೆ ದಾಟಬೇಕು. ಅವಳು ಜಗಲಿಯಲ್ಲಿ ಕೂತು, ತೊಡೆಯ ಮೇಲೆ ಕೂಸನ್ನು ಮಲಗಿಸಿಕೊಂಡು, ಅದರ ಮುಖವನ್ನೇ ನೋಡುತ್ತಿದ್ದಳು. ಕಾಲಸಪ್ಪಳಕ್ಕೆ ಒಮ್ಮೆ ತಲೆ ಎತ್ತಿದಳು. ಬಾ ಅನ್ನಲಿಲ್ಲ, ಕೂತ್ಕೋ ಅನ್ನಲಿಲ್ಲ. ಮತ್ತೆ ಕೂಸಿನ ಕಡೆ ತಿರುಗಿದಳು. ಬೋರಲಿಂಗಯ್ಯ ಏಣಿಯನ್ನು ಹೆಗಲು ಬದಲಾಯಿಸಿಕೊಂಡು ಮುಂದಿನ ಮನೆಗೆ ನಡೆದ.